ಪೆಟ್ಟಿಗೆಯೊಳಗಿನ ಮೂರು ಅವರೆಕಾಯಿ

ನನ್ನ ತಾಯಿ ಶಂಕ್ರಮ್ಮ ನುಡಿಸಿದ ವಾದ್ಯವನ್ನೂ ಅವಳು ಕಂಡುಕೊಂಡ ನಾದವನ್ನೂ ಅವಳ ಮೈದುನನ ಹೆಸರಿಗೆ ಬರೆಯಲಾಗಿದೆ. ಇದು ತಿಳಿಯದೆ ಆದ ತಪ್ಪಲ್ಲ. ನಮ್ಮ ಮನೆಯ ಪಡಸಾಲೆಯಲ್ಲಿ, ಹಾಡಹಗಲಿನಲ್ಲಿ, ನಾನು ಬಾಗಿಲ ಪಕ್ಕದಲ್ಲಿ ನಿಂತು ನೋಡುತ್ತಿರುವಾಗ, ನನ್ನ ತಂದೆಯ ಬಾಯಿಂದ ಬಂದ ಎರಡೇ ಮಾತಿನಿಂದ ಅದು ಆರಂಭವಾಯಿತು. ಬೀರೂರಿನ ಒಂದು ಕಲಾಸಂಘದ ಗಾಜಿನ ಕಪಾಟಿನಲ್ಲಿ ಅದು ಇಂದಿಗೂ ಮುಂದುವರಿದಿದೆ. ಕಪಾಟಿನ ಕೆಳಗಿರುವ ಹಿತ್ತಾಳೆಯ ಫಲಕವನ್ನು ನಾನು ಅಕ್ಷರ ಬಿಡದೆ ನಕಲು ಮಾಡಿಕೊಂಡು ಬಂದಿದ್ದೇನೆ: 'ಈ ಸೀಮೆಗೆ ಅಕಾರ್ಡಿಯನ್ ತಂದ ಪ್ರಥಮರೂ ನಡುಗುಸ್ವರದ ಜನಕರೂ ಆದ ಶ್ರೀ ಮರುಳಪ್ಪನವರು ಬಳಸಿದ ವಾದ್ಯ.' ಈ ಸಾಲಿನಲ್ಲಿ ಮೂರು ಸಂಗತಿಗಳಿವೆ. ಮೊದಲನೆಯದು ಸುಳ್ಳು. ಎರಡನೆಯದು ಸುಳ್ಳು. 'ಬಳಸಿದ' ಎಂಬ ಮಾತೊಂದು ಮಾತ್ರ ನಿಜ. ಮರುಳಪ್ಪ ನನ್ನ ಚಿಕ್ಕಪ್ಪ. ಅವನು ಈಗಿಲ್ಲ. ಇಲ್ಲದವನ ಮೇಲೆ ಬರೆಯುತ್ತಿದ್ದೇನೆಂದು ಯಾರೂ ಹೇಳಕೂಡದು. ಅವನಿದ್ದಾಗ ಅವನೆದುರಿಗೇ ಇದನ್ನು ಹೇಳಿದ್ದೆ, ಅವನು ತಲೆ ತಗ್ಗಿಸಿಕೊಂಡು ಕೇಳಿದ್ದ.

ನಮ್ಮ ಮನೆ ಇದ್ದದ್ದು ಬೀರೂರಿನಲ್ಲಿ, ಸ್ಟೇಷನ್ನಿನ ಬೆನ್ನಿಗಿದ್ದ ಬೀದಿಯಲ್ಲಿ. ಗೂಡ್ಸ್ ಗಾಡಿ ಹಾದುಹೋದಾಗಲೆಲ್ಲ ಅಡುಗೆಮನೆಯ ನಾಗಂದಿಗೆಯ ಮೇಲೆ ಒರಗಿಸಿಟ್ಟ ಹಿತ್ತಾಳೆ ತಟ್ಟೆಗಳು ಸಣ್ಣಗೆ ನಡುಗುತ್ತಿದ್ದವು. ಮುಂಭಾಗದ ಪಡಸಾಲೆಯೇ ಅಪ್ಪನ ಕೆಲಸದ ಜಾಗ. ಅವನು ಹಾರ್ಮೋನಿಯಂ ರಿಪೇರಿ ಮಾಡುತ್ತಿದ್ದ. ಕಡೂರು, ತರೀಕೆರೆ, ಅಜ್ಜಂಪುರದ ಕಡೆಯ ಹಳ್ಳಿಗಳಲ್ಲಿ ನಾಟಕ ಕಲಿಸುತ್ತಿದ್ದ ಮೇಷ್ಟ್ರುಗಳೆಲ್ಲ ತಮ್ಮ ಹಾರ್ಮೋನಿಯಂಗಳನ್ನು ಬಸ್ಸಿನ ಮೇಲೆ ಹೇರಿಕೊಂಡು ಅವನಲ್ಲಿಗೇ ಬರುತ್ತಿದ್ದರು. ಪಡಸಾಲೆಯಿಂದ ಒಳಕ್ಕೆ ನಡುಮನೆ, ನಡುಮನೆಯಿಂದ ಒಳಕ್ಕೆ ಅಡುಗೆಮನೆ, ಅದರಾಚೆ ಹಿತ್ತಿಲು. ಅಡುಗೆಮನೆಯಲ್ಲಿ ಎರಡು ಒಲೆಗಳಿದ್ದವು. ಒಂದರ ಮೇಲೆ ಸಾರು, ಇನ್ನೊಂದರ ಮೇಲೆ ರೀಡುಗಳನ್ನು ಅಂಟಿಸುವ ಮೇಣ. ರೀಡು ಎಂದರೆ ಹಾರ್ಮೋನಿಯಂನ ಹೊಟ್ಟೆಯಲ್ಲಿ ಗಾಳಿಗೆ ಅದುರಿ ಸ್ವರ ಕೊಡುವ ಹಿತ್ತಾಳೆಯ ಪುಟ್ಟ ನಾಲಗೆ. ನಮ್ಮ ಮನೆಯ ಸಾರಿನಲ್ಲಿ ಸದಾ ಒಂದಿಷ್ಟು ಮೇಣದ ವಾಸನೆ ಇರುತ್ತಿತ್ತು. ಬೇರೆ ಮನೆಗಳ ಸಾರಿಗೆ ಅದಿಲ್ಲವೆಂಬುದು ನನಗೆ ಮದುವೆಯಾದ ಮೇಲೆ ತಿಳಿಯಿತು.

ಅಪ್ಪನ ಕೈ ಬಹಳ ಚೊಕ್ಕ. ಆದರೆ ಕಿವಿ ಅಷ್ಟು ಚುರುಕಲ್ಲ. ಇದು ಮನೆಯ ಗುಟ್ಟು. ಅವನು ಪಡಸಾಲೆಯಲ್ಲಿ ಕುಳಿತು ಒಂದು ಸ್ವರ ಹಿಡಿಯುತ್ತಿದ್ದ. ಒಲೆಯ ಮುಂದಿನಿಂದ ಅವ್ವ ಸೌಟಿನಿಂದ ಪಾತ್ರೆಯ ಅಂಚನ್ನು ಬಡಿಯುತ್ತಿದ್ದಳು. ಒಂದು ಬಡಿತವೆಂದರೆ ಸ್ವರ ಏರಿದೆ, ಎರಡೆಂದರೆ ಇಳಿದಿದೆ, ಮೂರೆಂದರೆ ಸರಿಯಾಗಿದೆ. ಮೂರು ಬಡಿತ ಕೇಳುವತನಕ ಅಪ್ಪ ರೀಡು ಉಜ್ಜುವ ಅರವನ್ನು ಕೆಳಗಿಡುತ್ತಿರಲಿಲ್ಲ. ಎದುರಿಗೆ ಕುಳಿತ ಮೇಷ್ಟ್ರುಗಳಿಗೆ ಅದು ಅಡುಗೆಯ ಸದ್ದು. 'ನಿನ್ ಕಿವಿ ಅಂದ್ರೆ ಕಿವಿ ಕಣಯ್ಯಾ' ಎಂದು ಅವರು ಅಪ್ಪನ ಬೆನ್ನು ತಟ್ಟಿ ಹೋಗುತ್ತಿದ್ದರು. ಅವ್ವ ಅದನ್ನು ಕೇಳಿ ನಗುತ್ತಿದ್ದಳು. ಆಗಿನ್ನೂ ಅವಳಿಗೆ ನಗು ಬರುತ್ತಿತ್ತು.

ಆ ಅಕಾರ್ಡಿಯನ್ ಪೆಟ್ಟಿಗೆ ನಮ್ಮ ಮನೆಗೆ ಬಂದದ್ದು ರೈಲ್ವೆ ಕ್ವಾರ್ಟರ್ಸಿನಿಂದ. ಅಲ್ಲಿದ್ದ ಆಂಗ್ಲೋ ಇಂಡಿಯನ್ ಗಾರ್ಡ್ ಒಬ್ಬರ ಹೆಂಡತಿ ಅದನ್ನು ತಂದಿಟ್ಟು, ತಿದಿಯನ್ನು ಜಿರಳೆ ತಿಂದಿದೆ, ತೇಪೆ ಹಾಕಿಕೊಡಿ ಎಂದು ಹೇಳಿಹೋದರು. ಬಲಗಡೆ ಹತ್ತು ಗುಂಡಿ, ಎಡಗಡೆ ನಾಲ್ಕು, ನಡುವೆ ಮಡಿಕೆ ಮಡಿಕೆಯಾದ ತಿದಿ. ಅಪ್ಪ ಅಂಥದ್ದನ್ನು ಅದುವರೆಗೆ ಮುಟ್ಟಿರಲಿಲ್ಲ. ತೇಪೆ ಹಾಕುವುದು ಒಂದು ದಿನದ ಕೆಲಸ, ಹಾಕಿ ಮುಗಿಸಿದ. ಆಮೇಲೆ ಒಂದೊಂದೇ ಗುಂಡಿ ಒತ್ತಿ ನೋಡುತ್ತ ಅವನ ಮುಖ ಕಪ್ಪಿಟ್ಟಿತು. ಹಾರ್ಮೋನಿಯಂನಲ್ಲಿ ಒಂದು ಮನೆ, ಅಂದರೆ ಒಂದು ಕೀ, ಒತ್ತಿದರೆ ಒಂದೇ ಸ್ವರ. ತಿದಿ ಹೇಗೆ ಆಡಿದರೂ ಅದು ಬದಲಾಗದು. ಈ ಪೆಟ್ಟಿಗೆಯಲ್ಲಾದರೋ ಅದೇ ಗುಂಡಿ ತಿದಿಯನ್ನು ಒತ್ತುವಾಗ ಒಂದು ಸ್ವರ ಕೊಡುತ್ತಿತ್ತು, ಎಳೆಯುವಾಗ ಇನ್ನೊಂದು.

"ಇದ್ರ ಹೊಟ್ಟೆ ಪೂರಾ ಕೆಟ್ಟೋಗಿದೆ ಕಣೇ" ಎಂದು ಅಪ್ಪ ಒಳಕ್ಕೆ ಕೂಗಿ ಹೇಳಿದ. "ಒತ್ತುದ್ರೆ ಒಂದಂತದೆ, ಎಳುದ್ರೆ ಇನ್ನೊಂದಂತದೆ."

ಅಪ್ಪ ನಾಲ್ಕು ದಿನ ಊಟ ತಿಂಡಿಯ ಪರಿವೆಯಿಲ್ಲದೆ ಕುಳಿತು ಅದನ್ನು 'ಸರಿ' ಮಾಡಿದ. ಪಕ್ಕದ ಮನೆಯಲ್ಲಿ ತಗಡಿನ ಕೆಲಸ ಮಾಡುತ್ತಿದ್ದ ಸಾಬರಿಂದ ಚಿಟಿಕೆ ಬೆಸುಗೆ ತಂದು, ಎಳೆಯುವಾಗ ನುಡಿಯುವ ರೀಡಿನ ತುದಿಗೆ ಹನಿ ಹನಿಯಾಗಿ ಇಟ್ಟು, ಅದರ ಸ್ವರವನ್ನು ಕೆಳಗಿಳಿಸಿ, ಒತ್ತುವಾಗಿನ ಸ್ವರಕ್ಕೆ ಸಮ ಮಾಡಿದ. ಹಾಗೆ ಮೂರು ಗುಂಡಿಗಳಾದವು. ನಾಲ್ಕನೆಯದಕ್ಕೆ ಕೈಯಿಡುವ ಹೊತ್ತಿಗೆ ಅವ್ವ ಸೌಟು ಹಿಡಿದುಕೊಂಡೇ ಪಡಸಾಲೆಗೆ ಬಂದಳು.

"ಕೆಟ್ಟಿದ್ರೆ ಒಂದೋ ಎರಡೋ ಕೆಡ್ಬೇಕಿತ್ತು. ಹತ್ತೂ ಒಂದೇ ಥರ ಕೆಡ್ತವೇನ್ರೀ? ಅದ್ರ ಹುಟ್ಟೇ ಹಂಗಿರ್ಬೇಕು. ಬಿಡಿ ಸಾಕು."

ಅವಳು ಪೆಟ್ಟಿಗೆಯನ್ನು ತೊಡೆಯ ಮೇಲೆ ತೆಗೆದುಕೊಂಡದ್ದು ಅದೇ ಮೊದಲು. ವಾರ ಕಳೆದು ಗಾರ್ಡಿನ ಹೆಂಡತಿ ಬರುವಷ್ಟರಲ್ಲಿ, ಅತ್ತೆಯಿಂದ ಕಲಿತ ಸೋಬಾನೆಯ ಧಾಟಿಯೊಂದು ಆ ಹತ್ತು ಗುಂಡಿಗಳಲ್ಲಿ ಅವಳಿಗೆ ಸಿಕ್ಕಿತ್ತು. ಆಕೆ ನಿಂತು ಪೂರ್ತಿ ಕೇಳಿದರು. ಮೂರು ಗುಂಡಿಗಳ ಕಥೆಯನ್ನೂ ಕೇಳಿ ಹೊಟ್ಟೆ ಹಿಡಿದುಕೊಂಡು ನಕ್ಕರು. ಅವರು ದೇಶ ಬಿಟ್ಟು ಹೋಗುವವರಿದ್ದರು. ಹೊರಡುವ ಮುನ್ನ ಬಂದು ಅವ್ವನ ಕೈಗೇ ಪೆಟ್ಟಿಗೆಯನ್ನು ಕೊಟ್ಟರು.

"ನೀನು ಇಟ್ಕೋ ಶಂಕ್ರಮ್ಮ. ಗಂಡಸ್ರಿಗೆ ಕೊಡಬೇಡ, ಅವ್ರು ರಿಪೇರಿ ಮಾಡ್ತಾರೆ."

ಆದ್ದರಿಂದ ಈ ಸೀಮೆಗೆ ಆ ವಾದ್ಯವನ್ನು ಯಾರು ತಂದರು, ಯಾರಿಗೆ ಕೊಟ್ಟರು ಎಂಬುದರಲ್ಲಿ ಸಂದೇಹವಿಲ್ಲ. ನಾನು ಅಲ್ಲೇ ಇದ್ದೆ.

ನಡುಗುಸ್ವರದ ಹುಟ್ಟನ್ನು ಇನ್ನಷ್ಟು ನಿಧಾನವಾಗಿ ಹೇಳಬೇಕು. ಚಳಿಗಾಲದಲ್ಲಿ ಅವರೆಕಾಯಿ ಬಂದರೆ ನಮ್ಮ ಹಿತ್ತಿಲಿನಲ್ಲಿ ಮಧ್ಯಾಹ್ನಗಳೆಲ್ಲ ಸಿಪ್ಪೆಯ ರಾಶಿ. ತಗಡಿನ ಕೆಲಸದವರ ಹೆಂಡತಿ ಜೈನಾಬಿ ಎರಡು ಮನೆಗಳ ನಡುವಿನ ಗೋಡೆಯ ಕಿರುಬಾಗಿಲಿಂದ ಮೊರ ಹಿಡಿದುಕೊಂಡು ಬರುತ್ತಿದ್ದಳು. ಕಾಯಿ ಬಿಡಿಸುವುದು ನಮ್ಮ ಪಾಲು. ನುಡಿಸುವುದು ಅವ್ವನ ಪಾಲು. ಅಪ್ಪ ಕೆಡಿಸಿದ ಆ ಮೂರು ಗುಂಡಿಗಳ ಗುಣವನ್ನು ಅವಳು ಕಂಡುಕೊಂಡದ್ದು ಅಲ್ಲೇ. ಉಳಿದ ಗುಂಡಿಗಳಲ್ಲಿ ತಿದಿಯ ದಿಕ್ಕು ಬದಲಾದರೆ ಸ್ವರವೂ ಬದಲಾಗುತ್ತದೆ. ಇವುಗಳಲ್ಲಿ ಬದಲಾಗದು. ಹಾಗಾಗಿ ಇವುಗಳಲ್ಲೊಂದನ್ನು ಒತ್ತಿಹಿಡಿದು, ತಿದಿಯನ್ನು ಒಳಕ್ಕೂ ಹೊರಕ್ಕೂ ಬೇಗಬೇಗ ಅಲುಗಿಸಿದರೆ, ಸ್ವರ ನಿಂತಲ್ಲೇ ನಿಂತು ನಡುಗುತ್ತದೆ. ಬೆಸುಗೆಯ ಹನಿಯಿಂದ ಒಂದು ರೀಡು ಕೂದಲೆಳೆಯಷ್ಟು ಭಾರವಾಗಿದ್ದರಿಂದ ಆ ನಡುಕದಲ್ಲಿ ಒಂದು ಅಳುವಿನ ಎಳೆಯೂ ಸೇರುತ್ತಿತ್ತು.

"ಗೂಡ್ಸ್ ಗಾಡಿ ಹೋದಾಗ ನಾಗಂದಿಗೆ ಮೇಲ್ನ ತಟ್ಟೆ ಹಂಗೆ, ಅಲ್ವೇನೇ?" ಎಂದು ಅವ್ವ ನನ್ನನ್ನು ಕೇಳಿದಳು.

"ತಟ್ಟೆ ಅಲ್ಲಕ್ಕ, ನಮ್ ಮನೆಯೋರು ಚಳೀಲಿ ಸ್ನಾನಕ್ಕೆ ಹೋದಾಗ ನಡುಗ್ತಾರಲ್ಲ, ಹಂಗದೆ" ಎಂದಳು ಜೈನಾಬಿ.

ಜೈನಾಬಿಯ ಹತ್ತಿರ ಬಟ್ಟೆ ಉಜ್ಜಲು ಗಂಡ ಮಾಡಿಕೊಟ್ಟಿದ್ದ ಒಂದು ತಗಡಿತ್ತು, ಉದ್ದಕ್ಕೂ ಏಣು ಏಣಾಗಿ ಮಡಿಸಿದ್ದು. ಒಂದು ದಿನ ಅವಳು ಅದನ್ನು ತೊಡೆಯ ಮೇಲಿಟ್ಟುಕೊಂಡು ಎರಡು ಚಮಚಗಳಿಂದ ಮೇಲಕ್ಕೂ ಕೆಳಕ್ಕೂ ಕೆರೆಯತೊಡಗಿದಳು. ಅವ್ವನ ಪೆಟ್ಟಿಗೆ ಅಳುತ್ತಿದ್ದರೆ ಜೈನಾಬಿಯ ತಗಡು ಅದನ್ನು ಎಬ್ಬಿಸಿ ನಡೆಸುತ್ತಿತ್ತು. ಶೋಕದ ಧಾಟಿಗೂ ಕಾಲು ತಾಳ ಹಾಕುವಂತಾಗುತ್ತಿತ್ತು. ಎರಡು ಮನೆಯ ಇಬ್ಬರು ಹೆಂಗಸರು ಸಿಪ್ಪೆಯ ರಾಶಿಯ ನಡುವೆ ಕುಳಿತು ಒಂದು ಹೊಸ ನಾದವನ್ನು ಮಾಡಿದರು. ಅದಕ್ಕೆ ಹೆಸರಿಡಬೇಕೆಂದು ಅವರಿಗೆ ಹೊಳೆಯಲಿಲ್ಲ.

ಒಮ್ಮೆ ಪೆಟ್ಟಿಗೆಯ ಮೇಣ ಸಡಿಲವಾಯಿತು. ಅಪ್ಪ ಊರಲ್ಲಿರಲಿಲ್ಲ. ಅವ್ವ ತಾನೇ ಅದನ್ನು ಬಿಚ್ಚಿದಳು. ಎಂಟು ಮೊಳೆಗಳು, ಅವು ನನ್ನ ಮುಷ್ಟಿಯಲ್ಲಿದ್ದವು. ಹೊಸ ಮೇಣ ಹಾಕುವ ಮುನ್ನ ಅವಳು ದಬ್ಬಳ ತರಿಸಿಕೊಂಡು, ಆ ಮೂರು ರೀಡುಗಳ ಪಕ್ಕದ ಮರದ ಮೇಲೆ ಒಂದೊಂದು ಅವರೆಕಾಯಿ ಕೊರೆದಳು. ಬಾಗಿದ ಬೆನ್ನು, ಒಳಗೆ ನಾಲ್ಕು ಚುಕ್ಕಿ. ಅವಳಿಗೆ ಅಕ್ಷರ ಬರುತ್ತಿರಲಿಲ್ಲ.

"ಇವೇನವ್ವಾ?"

"ಇವು ಕೆಟ್ಟಿಲ್ಲ, ಮುಟ್ಬೇಡಿ ಅಂತ. ನಿಮ್ಮಪ್ಪ ಮತ್ತೆ ಯಾವತ್ತಾದ್ರೂ ಸರಿ ಮಾಡೋಕೆ ಕೂತ್ಕೊಂಡ್ರೆ ಗುರುತಿರ್ಲಿ."

ಇನ್ನು ಆ ಎರಡು ಮಾತಿಗೆ ಬರುತ್ತೇನೆ. ಕಲಾಸಂಘದ ಆಗಿನ ಅಧ್ಯಕ್ಷರು ತಮ್ಮ ಹಾರ್ಮೋನಿಯಂ ರಿಪೇರಿಗೆ ಕೊಡಲು ಒಂದು ಮಧ್ಯಾಹ್ನ ಬಂದರು. ಬಿಳಿ ಪಂಚೆ, ಕೈಯಲ್ಲಿ ಕೊಡೆ. ಅಪ್ಪ ಕುರ್ಚಿ ಹಾಕಿದ. ಅವ್ವ ಅಡುಗೆಮನೆಯ ಹಿತ್ತಿಲ ಬಾಗಿಲಲ್ಲಿ ಕುಳಿತು ನುಡಿಸುತ್ತಿದ್ದಳು, ಜೈನಾಬಿ ತಗಡು ಕೆರೆಯುತ್ತಿದ್ದಳು, ಚಿಕ್ಕಪ್ಪ ಪಕ್ಕದಲ್ಲಿ ಕುಳಿತು ಅವರೆ ಬಿಡಿಸುತ್ತಿದ್ದ. ಅವನಿಗೆ ಆಗ ಮದುವೆಯಾಗಿರಲಿಲ್ಲ, ಕೆಲಸವೂ ಇರಲಿಲ್ಲ, ನಮ್ಮ ಮನೆಯಲ್ಲೇ ಇದ್ದ. ಅಧ್ಯಕ್ಷರು ಕೊಡೆ ಮಡಿಸುವುದನ್ನೂ ಮರೆತು ನಿಂತರು.

"ಯಾರ್ರೀ ಅದು ಒಳಗೆ ನುಡುಸ್ತಿರೋದು? ಎಂಥಾ ಕೈರೀ ಅದು."

ಅಪ್ಪ ಒಳಗೆ ನೋಡಿದ. ಅಧ್ಯಕ್ಷರನ್ನು ನೋಡಿದ. ನನ್ನನ್ನೂ ನೋಡಿದ. ಆಮೇಲೆ ಹೇಳಿದ:

"ನನ್ ತಮ್ಮ."

ವಾದ್ಯ ನಿಂತಿತು. ತಗಡೂ ನಿಂತಿತು. ಆಮೇಲೆ ಅಡುಗೆಮನೆಯಿಂದ ಸೌಟಿನ ಸದ್ದು ಬಂತು. ಎರಡು ಬಡಿತ. ಸ್ವರ ಇಳಿದಿದೆ. ಅಧ್ಯಕ್ಷರಿಗೆ ಅದು ಅಡುಗೆಯ ಸದ್ದು. ಅಪ್ಪನಿಗೂ ನನಗೂ ಮಾತ್ರ ಅದರ ಅರ್ಥ ಗೊತ್ತಿತ್ತು. ಅಪ್ಪನ ಕಿವಿ ಕೆಂಪಾಯಿತು. ಆದರೆ ಅವನು ಸ್ವರ ತಿದ್ದಲಿಲ್ಲ.

"ಕರೀರಿ ಅವನ್ನ."

ಚಿಕ್ಕಪ್ಪ ಹೊರಗೆ ಬಂದ. ಅವನ ಪಂಚೆಯ ಮೇಲೆ ಅವರೆಯ ಸಿಪ್ಪೆ ಇತ್ತು.

"ಏನಪ್ಪಾ ಮರುಳಪ್ಪ, ಇಷ್ಟು ದಿನ ಇದನ್ನ ಬಚ್ಚಿಟ್ಕೊಂಡಿದ್ಯಲ್ಲೋ. ಬರೋ ತಿಂಗ್ಳು ತರೀಕೆರೇಲಿ ನಮ್ ಸಂಘದ ಕಾರ್ಯಕ್ರಮ ಇದೆ, ನೀನು ಬರ್ಬೇಕು."

ಚಿಕ್ಕಪ್ಪ ಅಣ್ಣನ ಮುಖ ನೋಡಿದ. ಅಣ್ಣ ಹಾರ್ಮೋನಿಯಂನ ಮುಖ ನೋಡುತ್ತಿದ್ದ.

"ಏನೋ... ಸುಮ್ನೆ ಹಿಂಗೇ ನುಡುಸ್ತಿದ್ದೆ" ಎಂದ ಚಿಕ್ಕಪ್ಪ. ಅವನ ಪಾಲಿನ ಸುಳ್ಳು ಇದು.

ಅಂದಿನ ಜಗಳವನ್ನು ನಾನು ಒಂದು ಮಾತೂ ಮರೆತಿಲ್ಲ. ಮುದ್ದೆ ಆರುತ್ತಿತ್ತು. ಅಪ್ಪ ತಟ್ಟೆಯ ಮುಂದೆ ಕುಳಿತಿದ್ದ. ಅವ್ವ ಬಡಿಸಲಿಲ್ಲ.

"ದೊಡ್ಡ ಮನುಷ್ಯರ ಮುಂದೆ, ನುಡುಸ್ತಿರೋಳು ನನ್ನೆಂಡ್ತಿ ಅಂತ ಹೆಂಗೆ ಹೇಳ್ಲೇ? ನಾಳೆ ಅವಳ್ನೇ ಕಳ್ಸಿ ಅಂದಿದ್ರೆ?"

"ಕಳ್ಸಲ್ಲ ಅನ್ಬೋದಿತ್ತು. ನುಡಿಸೋಳು ಇವಳೇ, ಆದ್ರೆ ಕಳ್ಸಲ್ಲ ಅನ್ಬೋದಿತ್ತು. ಹೇಳೋಕೆ ಇಷ್ಟು ನಾಚ್ಕೆ ಆದ್ರೆ, ಇಷ್ಟು ವರ್ಷದಿಂದ ನನ್ ಸೌಟು ಯಾಕೆ ಕೇಳ್ತಿದ್ರಿ?"

ಗೋಡೆಯ ಕಿರುಬಾಗಿಲಲ್ಲಿ ನಿಂತಿದ್ದ ಜೈನಾಬಿ ಒಂದೇ ಮಾತು ಹೇಳಿದಳು:

"ಅಣ್ಣ, ಆ ಪೆಟ್ಟಿಗೇಲಿ ಮೂರು ಗುಂಡಿ ಕೆಡ್ಸಿದ್ದು ನೀವು. ಅದನ್ನಾದ್ರೂ ಹೇಳ್ಕೊಬೇಕಿತ್ತು. ಅದು ನಿಜ ಆದ್ರೂ ಆಗ್ತಿತ್ತು."

ಮರುದಿನದಿಂದ ನಮ್ಮ ನಡುಮನೆಯಲ್ಲಿ ನಡೆದದ್ದು ಆ ಸುಳ್ಳನ್ನು ನಿಜ ಮಾಡುವ ಕೆಲಸ. ಚಿಕ್ಕಪ್ಪ ಪೆಟ್ಟಿಗೆ ಹಿಡಿದು ಕೂರುತ್ತಿದ್ದ. ಅವ್ವ ಬಾಗಿಲ ಚೌಕಟ್ಟಿಗೆ ಒರಗಿ ನಿಂತು ಕಲಿಸುತ್ತಿದ್ದಳು. ಬೀದಿಗೆ ಅವಳ ದನಿ ಕೇಳಬಾರದೆಂದು ಅಪ್ಪ ಮುಂಬಾಗಿಲು ಹಾಕಿರುತ್ತಿದ್ದ.

"ಅತ್ಗೆ, ನನ್ ಕೈಲಾಗಲ್ಲ. ಅಣ್ಣನ್ ಮಾತು ಉಳ್ಸೋಕೆ ನಾನ್ಯಾಕೆ ಸಾಯ್ಬೇಕು?"

"ನೀನು ತಪ್ಪು ನುಡ್ಸಿದ್ರೆ ಪೆಟ್ಟಿಗೇನೇ ಕೆಟ್ಟದ್ದು ಅಂತಾರೆ. ಅದ್ರ ಹೆಸ್ರು ಕೆಡ್ಬಾರ್ದು. ಎಳಿ. ಈಗ ಒತ್ತು. ಹೂಂ, ಈಗ ಆ ಗುಂಡಿ ಬಿಡ್ದೆ ಅಲ್ಲಾಡ್ಸು."

ಚಿಕ್ಕಪ್ಪ ಕಲಿತ. ಚೆನ್ನಾಗಿಯೇ ಕಲಿತ; ಇಲ್ಲದ್ದನ್ನು ಹೇಳುವವಳಲ್ಲ ನಾನು. ತರೀಕೆರೆಯಲ್ಲಿ ಅವನನ್ನು ಎಬ್ಬಿಸಿ ನಿಲ್ಲಿಸಿ ಚಪ್ಪಾಳೆ ತಟ್ಟಿದರಂತೆ. ಅಜ್ಜಂಪುರದ ಮದುವೆಗಳಲ್ಲಿ ಅವನಿಲ್ಲದೆ ಮೆರವಣಿಗೆ ಹೊರಡದಂತಾಯಿತು. ನಡುಕದ ಸ್ವರ ಎಲ್ಲಿಂದ ಬಂತೆಂದು ಕೇಳಿದವರಿಗೆ ಮೊದಮೊದಲು ಸುಮ್ಮನೆ ನಗುತ್ತಿದ್ದ. ಕೆಲವು ವರ್ಷಗಳ ಮೇಲೆ 'ತಾನಾಗಿ ಹೊಳೀತು' ಎನ್ನತೊಡಗಿದ. ಒಂದು ಆಯುಧಪೂಜೆ ನನ್ನ ಕಣ್ಣ ಮುಂದೆ ಹಾಗೇ ಇದೆ. ಅದರ ಹಿಂದಿನ ವರ್ಷ ಅವ್ವ ಪೆಟ್ಟಿಗೆಯನ್ನು ತನ್ನ ಒನಕೆ, ಮೊರ, ಸೌಟುಗಳ ಪಕ್ಕದಲ್ಲಿಟ್ಟು ತಾನೇ ವಿಭೂತಿ, ಕುಂಕುಮ ಹಚ್ಚಿದ್ದಳು. ಆ ವರ್ಷ ಅಪ್ಪ ಅದನ್ನು ಎತ್ತಿಕೊಂಡು ಹೋಗಿ ಪಡಸಾಲೆಯಲ್ಲಿ ಅರ, ಇಕ್ಕಳಗಳ ಜೊತೆಗಿಟ್ಟು, ಚಿಕ್ಕಪ್ಪನ ಕೈಯಿಂದ ಪೂಜೆ ಮಾಡಿಸಿದ. ಯಾರೂ ಅವ್ವನನ್ನು ಕೇಳಲಿಲ್ಲ. ಅವಳು ಅಡುಗೆಮನೆಯಲ್ಲಿ, ಪೆಟ್ಟಿಗೆ ಇರಬೇಕಾಗಿದ್ದ ಖಾಲಿ ಜಾಗಕ್ಕೂ ಒಂದು ಹೂವಿಟ್ಟಳು. ಚಿಕ್ಕಪ್ಪ ಬೇರೆ ಮನೆ ಮಾಡಿದಾಗ ಪೆಟ್ಟಿಗೆಯೂ ಅವನೊಡನೆ ಹೋಯಿತು; ಅವನು ತೀರಿಹೋದ ಮೇಲೆ ಸಂಘದ ಕಪಾಟು ಸೇರಿತು. ಮುಂದಿನ ಚಳಿಗಾಲಗಳಲ್ಲಿ ಅವರೆ ಬಿಡಿಸುವಾಗ ಅವ್ವನ ಬಲಗೈ ಬೆರಳುಗಳು ಮೊರದ ಅಂಚಿನ ಮೇಲೆ ಓಡಾಡುತ್ತಿದ್ದವು. ಜೈನಾಬಿ ಒಬ್ಬಳೇ ತಗಡು ಕೆರೆಯುತ್ತಿದ್ದಳು, ಸ್ವಲ್ಪ ಹೊತ್ತು. ಆಮೇಲೆ ಅವಳೂ ನಿಲ್ಲಿಸುತ್ತಿದ್ದಳು. ಅಪ್ಪ ಪಡಸಾಲೆಯಿಂದ ಸ್ವರ ಹಿಡಿದರೆ ಸೌಟು ಮಾತ್ರ ಎಂದಿನಂತೆ ಉತ್ತರಿಸುತ್ತಿತ್ತು. ಸುಳ್ಳು ಸ್ವರಕ್ಕೆ ಮೂರು ಬಡಿತ ಬಡಿದು ಸೇಡು ತೀರಿಸಿಕೊಳ್ಳಬಹುದಿತ್ತು. ಅವಳು ಒಮ್ಮೆಯೂ ಹಾಗೆ ಮಾಡಲಿಲ್ಲ. ಮೂವತ್ತು ವರ್ಷ ಪ್ರೌಢಶಾಲೆಯಲ್ಲಿ ಗಣಿತ ಹೇಳಿದ ನಾನು, ತಪ್ಪಿಗೆ ತಪ್ಪೆಂದೂ ಸರಿಗೆ ಸರಿಯೆಂದೂ ಗುರುತು ಹಾಕುವುದನ್ನು ಕಲಿತದ್ದು ಆ ಸೌಟಿನಿಂದ.

ಕಳೆದ ವರ್ಷ ನನ್ನ ಮೊಮ್ಮಗಳು ಮೊಬೈಲಿನಲ್ಲಿ ಏನನ್ನೋ ನೋಡುತ್ತಿದ್ದಳು. ಆ ಸದ್ದು ಕೇಳಿ ನಾನು ಒಳಗಿನಿಂದ ಎದ್ದುಬಂದೆ. ಪರದೆಯ ಮೇಲೆ ಒಬ್ಬ ಕಪ್ಪು ಮನುಷ್ಯ ಅಕಾರ್ಡಿಯನ್ ನುಡಿಸುತ್ತಿದ್ದ. ಪಕ್ಕದಲ್ಲಿ ನಿಂತವನು ಏಣು ಏಣಾದ ತಗಡನ್ನು ಅಂಗಿಯಂತೆ ಎದೆಗೆ ತೊಟ್ಟು ಚಮಚಗಳಿಂದ ಕೆರೆಯುತ್ತಿದ್ದ.

"ಇದು ಜೈಡೆಕೊ ಅಂತ, ಅಜ್ಜಿ" ಎಂದಳು. "ಅಮೆರಿಕದ ದಕ್ಷಿಣದಲ್ಲಿ ಕ್ರಿಯೋಲ್ ಅಂತ ಜನ ಇದಾರೆ, ಫ್ರೆಂಚ್ ಮಾತಾಡೋ ಕರಿಯರು. ಗದ್ದೇಲಿ ದುಡ್ದು ಬಂದು ಮನೆ ಮನೇಲಿ ಸೇರಿ ನುಡುಸ್ತಿದ್ರಂತೆ. ಇವ್ರು ಅದನ್ನ ಮೊದಲು ಹೊರಗಡೆ ಪ್ರಪಂಚಕ್ಕೆ ಕೇಳ್ಸಿದೋರಲ್ಲಿ ಒಬ್ರು. ಆ ಹೆಸ್ರು ಬಂದಿದ್ದು ಹುರುಳಿಕಾಯಿ ಅನ್ನೋ ಅರ್ಥದ ಮಾತಿಂದ ಅಂತಾರೆ."

ನಾನು ಅದನ್ನು ಏಳು ಸಲ ಹಾಕಿಸಿ ಕೇಳಿದೆ. ನಮ್ಮದೂ ಅದೂ ಒಂದೇ ಎಂದು ನಾನು ಹೇಳುವುದಿಲ್ಲ; ಅವರ ದುಃಖ ಬೇರೆ, ಅವರ ಕುಣಿತ ಬೇರೆ. ಆದರೆ ಅಳುವ ತಿದಿಯನ್ನು ಕೆರೆಯುವ ತಗಡು ಎಬ್ಬಿಸಿ ನಡೆಸುವುದನ್ನು ನಾನು ಇನ್ನೊಂದು ಹಿತ್ತಿಲಿನಲ್ಲಿ ಕೇಳಿದ್ದೆ. ಆ ದೇಶದಲ್ಲಿ ಅದನ್ನು ನುಡಿಸಿದವನ ಹೆಸರು ಜನ ಬಲ್ಲರು. ತಗಡು ಕೆರೆದವನ ಹೆಸರನ್ನೂ ಬಲ್ಲರಂತೆ. ನನ್ನ ಮೊಮ್ಮಗಳಿಗೆ ತನ್ನ ಮುತ್ತಜ್ಜಿ ನುಡಿಸುತ್ತಿದ್ದಳೆಂಬುದೇ ತಿಳಿದಿರಲಿಲ್ಲ. ಆ ತಪ್ಪು ನನ್ನದು. ಅದನ್ನು ತಿದ್ದಲೆಂದೇ ಮರುವಾರ ಕಲಾಸಂಘದ ಮೆಟ್ಟಿಲು ಹತ್ತಿದೆ.

ಈಗಿನ ಕಾರ್ಯದರ್ಶಿ ಮರ್ಯಾದಸ್ಥ ಯುವಕ. ಕುರ್ಚಿ ಕೊಟ್ಟ, ಟೀ ತರಿಸಿದ. ನಾನು ಎಲ್ಲವನ್ನೂ ಹೇಳಿದೆ. ಹಿಂಬದಿಯ ಎಂಟು ಮೊಳೆ ತೆಗೆದು ಒಳಗೆ ನೋಡಿ ಎಂದೆ.

"ಬಿಚ್ಚುದ್ರೆ ಹಳೇ ವಸ್ತು ಹಾಳಾಗುತ್ತೆ ಮೇಡಂ. ಕಮಿಟೀಲಿ ಒಪ್ಪಲ್ಲ."

"ನನ್ ಎದುರಿಗೇ ಬಿಚ್ಚಿ. ಮೇಣ ನಾನೇ ಹಾಕ್ಕೊಡ್ತೀನಿ. ನನಗೆ ಬರುತ್ತೆ."

ಅವನು ಫಲಕದ ಮುಂದೆ ಬಗ್ಗಿ ನೋಡಿದ. ಆಮೇಲೆ, ದೊಡ್ಡ ಉಪಕಾರ ಮಾಡುವವನಂತೆ, "ಕೆಳಗಡೆ 'ಸಹಕಾರ: ಶ್ರೀಮತಿ ಶಂಕ್ರಮ್ಮ' ಅಂತ ಒಂದು ಸಾಲು ಸೇರ್ಸೋಣ್ವಾ ಮೇಡಂ?" ಎಂದ.

ಟೀ ಕುಡಿಯದೆ ಎದ್ದುಬಂದೆ. ಆಮೇಲೆ ನಾಲ್ಕು ಪತ್ರ ಬರೆದಿದ್ದೇನೆ. ಎರಡಕ್ಕೆ ಉತ್ತರವಿಲ್ಲ. ಮೂರನೆಯದಕ್ಕೆ, ವಿಷಯ ಪರಿಶೀಲನೆಯಲ್ಲಿದೆ ಎಂಬ ಒಂದು ಸಾಲು. ನಾಲ್ಕನೆಯದಕ್ಕೆ, ತಮ್ಮ ಕುಟುಂಬದ ಕಲಹವನ್ನು ಸಂಘಕ್ಕೆ ತರಬೇಡಿ ಎಂಬ ಬುದ್ಧಿವಾದ. ಆ ಕಲಹವನ್ನು ನಮ್ಮ ಕುಟುಂಬದೊಳಕ್ಕೆ ತಂದದ್ದು ಸಂಘದ ಅಧ್ಯಕ್ಷರ ಒಂದು ಪ್ರಶ್ನೆ ಮತ್ತು ಅದಕ್ಕೆ ಸಿಕ್ಕ ಸುಳ್ಳು ಉತ್ತರ. ಆ ಉತ್ತರವನ್ನು ಹಿತ್ತಾಳೆಯಲ್ಲಿ ಕೊರೆಸಿದ್ದು ಸಂಘ. ಜೈನಾಬಿಯ ತಗಡು ನನ್ನ ಬಳಿ ಇದೆ, ಏಣುಗಳು ಸವೆದಿವೆ. ಅದನ್ನು ಕಪಾಟಿನಲ್ಲಿಡಲು ನಾನು ಯಾರಿಗೂ ಕೊಡುವುದಿಲ್ಲ, ಪಕ್ಕದಲ್ಲಿ ಸರಿಯಾದ ಹೆಸರು ಬರುವವರೆಗೆ.

ಆದ್ದರಿಂದ ಸಂಘದ ಮಹನೀಯರಿಗೆ ನನ್ನ ನೆನಪುಗಳ ಈ ಪುಸ್ತಕದಲ್ಲಿ, ಎಲ್ಲರೂ ಓದುವಂತೆ, ಐದನೆಯ ಸಲ ಬರೆಯುತ್ತಿದ್ದೇನೆ. ಆ ಎಂಟು ಮೊಳೆಗಳನ್ನು ಬಿಚ್ಚಿಸಿ. ಒಳಗಿನ ಮರದ ಮೇಲೆ ಏನೂ ಇಲ್ಲದಿದ್ದರೆ ನಿಮ್ಮ ಸಭೆಯಲ್ಲಿ ಎದ್ದುನಿಂತು ನಾನು ಕ್ಷಮೆ ಕೇಳುತ್ತೇನೆ, ಈ ಅಧ್ಯಾಯವನ್ನು ನನ್ನ ಪುಸ್ತಕದಿಂದ ತೆಗೆದುಹಾಕುತ್ತೇನೆ. ಅಲ್ಲಿ ದಬ್ಬಳದಿಂದ ಕೊರೆದ ಮೂರು ಅವರೆಕಾಯಿಗಳಿದ್ದರೆ, ಒಂದೊಂದರಲ್ಲೂ ನಾಲ್ಕು ಚುಕ್ಕಿಗಳಿದ್ದರೆ, ಫಲಕದ ಮೇಲೆ ನೀವು ಯಾರ ಹೆಸರು ಬರೆಯುತ್ತೀರಿ?